ಕೌಂಟರಿನಿಂದ ಹೆಲ್ಪ್‌ಡೆಸ್ಕಿಗೆ: ತಾಳವಾಡಿಯ ಒಂದು ಕಂಪ್ಯೂಟರ್ ಸೆಂಟರಿನೊಳಗೆ

ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದು ತಾಳವಾಡಿಯಲ್ಲಿ ಇಳಿದರೆ, ಕರ್ನಾಟಕ ದಾಟಿ ತಮಿಳುನಾಡಿಗೆ ಬಂದಿದ್ದೇವೆ ಎನ್ನುವುದು ಬೋರ್ಡುಗಳನ್ನು ಓದಿದ ಮೇಲೇ ಗೊತ್ತಾಗುವುದು. ಬೋರ್ಡುಗಳಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಂದಿನ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಜಿಲ್ಲಾ ಕಚೇರಿಯಲ್ಲಿ ಕೆಲಸವಿದ್ದರೆ ಇಲ್ಲಿನವರು ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲದ ಮೇಲೆ ಹೋಗಬೇಕು.

ಸುತ್ತಲಿನ ಹೊಲಗಳಲ್ಲಿ ರಾಗಿ, ಕೋಸು, ಆಲೂಗಡ್ಡೆ, ಬೆಳ್ಳುಳ್ಳಿ. ಆ ಮನೆಗಳ ಮಕ್ಕಳು ಪ್ಲಸ್ ಟೂ, ಐಟಿಐ, ಡಿಪ್ಲೊಮಾ, ಪದವಿ ಎಂದು ಓದಿ ಕೆಲಸ ಹುಡುಕುತ್ತಾರೆ. ಐಟಿ ಅಂದರೆ ಕೋಡಿಂಗ್, ಕೋಡಿಂಗ್ ಅಂದರೆ ಎಂಜಿನಿಯರಿಂಗ್ ಎಂದುಕೊಂಡು ಅನೇಕರು ಆ ಕಡೆ ತಲೆಯನ್ನೇ ಹಾಕುವುದಿಲ್ಲ. ಆದರೆ ಐಟಿಗೆ ಇನ್ನೊಂದು ಬಾಗಿಲಿದೆ. ಪಾಸ್‌ವರ್ಡ್ ಮರೆತಾಗ, ಪ್ರಿಂಟ್ ಬಾರದಿದ್ದಾಗ, ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತಾಗ ದೊಡ್ಡ ಕಚೇರಿಗಳ ನೌಕರರು ಯಾರಿಗೆ ಫೋನ್ ಮಾಡುತ್ತಾರೋ ಅದೇ ಐಟಿ ಹೆಲ್ಪ್‌ಡೆಸ್ಕ್. ಅದಕ್ಕೆ ಬೇಕಾದ ಕೆಲಸವನ್ನು ತಾಳವಾಡಿಯಂಥ ಊರಿನಲ್ಲಿ ಕಲಿಯಲು ಆದೀತೇ ಎಂದು ನೋಡಲು ಪೇಟೆಯ ಒಂದು ಕಂಪ್ಯೂಟರ್ ಸೆಂಟರಿಗೆ ಹೋದೆ. ಹೆಸರು ಹಾಕುವುದು ಬೇಡ ಎಂದು ನಡೆಸುವವರು ಕೇಳಿಕೊಂಡದ್ದರಿಂದ ಸೆಂಟರಿನದ್ದಾಗಲಿ, ಅಲ್ಲಿನವರದ್ದಾಗಲಿ ಹೆಸರು ಇಲ್ಲಿಲ್ಲ.

ಮುಂದಿನ ಕೌಂಟರ್

ಮೆಟ್ಟಿಲು ಹತ್ತಿದ ಕೂಡಲೇ ಎದುರಾಗುವುದು ಉದ್ದನೆಯ ಕೌಂಟರ್. ಅದರ ಮೇಲೆ ಎರಡು ಮಾನಿಟರ್, ಸ್ಕ್ಯಾನರ್ ಇರುವ ಪ್ರಿಂಟರ್, ಲ್ಯಾಮಿನೇಷನ್ ಯಂತ್ರ, ಬೆರಳಚ್ಚಿನ ಪುಟ್ಟ ಡಬ್ಬಿ. ಹಿಂದೆ ಕೂತಿದ್ದ ಹುಡುಗಿಗೆ ಇಪ್ಪತ್ತರ ಆಸುಪಾಸು ಇರಬಹುದು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಂದು ಜನ ಕಾಗದ ಹಿಡಿದು ಕಾಯುತ್ತಿದ್ದರು. ದೊಡ್ಡಗಾಜನೂರು, ಗುಮಟಾಪುರ, ತಲಮಲೈ ಎಂದು ಊರ ಹೆಸರುಗಳು ಕಿವಿಗೆ ಬೀಳುತ್ತಿದ್ದವು.

ಅಜ್ಜಿಯೊಬ್ಬರು ಬೆರಳಿಟ್ಟರೆ ಯಂತ್ರ ಒಪ್ಪುತ್ತಿರಲಿಲ್ಲ. ಹೊಲದ ಕೆಲಸದಲ್ಲಿ ಬೆರಳಿನ ಗೆರೆ ಸವೆದವರಿಗೆ ಇದು ಮಾಮೂಲಿ ತೊಂದರೆ. ಹುಡುಗಿ ಮೊದಲು ಯಂತ್ರದ ಗಾಜನ್ನು ಒರೆಸಿದಳು. ಆಮೇಲೆ ಅಜ್ಜಿಯ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಇಡಿಸಿದಳು. ಆಗಲಿಲ್ಲ. ಬೇರೆ ಬೆರಳು ಇಡಿಸಿದಳು. ಆಯಿತು. ಈ ಅನುಕ್ರಮವನ್ನು ಗಮನವಿಟ್ಟು ನೋಡಿದೆ. ಖರ್ಚಿಲ್ಲದ, ಸುಲಭದ ಕಾರಣವನ್ನು ಮೊದಲು ತೆಗೆದುಹಾಕಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೆಲ್ಪ್‌ಡೆಸ್ಕಿನ ಪಾಠದಲ್ಲಿ ದೋಷ ಹುಡುಕುವ ವಿಧಾನ ಎಂದು ಹೇಳಿಕೊಡುವುದು ಇದನ್ನೇ.

ಅವರ ನಂತರ ಬಂದವರು, "ನಮ್ಮನೇಲಿ ಸೈಟೇ ಓಪನ್ ಆಗದಿಲ್ಲ ಕನವ್ವ" ಎಂದರು.

"ಯಾವಾಗಿಂದ ಅಣ್ಣ?"

"ಮೊನ್ನಿಂದ."

"ಪರದೆ ಮೇಲೆ ಏನಂತ ಬತ್ತಾ ಅದ?"

ಅವರು ಫೋನಿನಲ್ಲಿ ತೆಗೆದಿದ್ದ ಚಿತ್ರ ತೋರಿಸಿದರು. ಅದನ್ನು ಓದಿ, ಬೇರೆ ಫೋನಿನಲ್ಲಿ ಪ್ರಯತ್ನಿಸಿದ್ದೀರಾ ಎಂದು ಕೇಳಿದಳು. ಮಗಳ ಫೋನಿನಲ್ಲಿ ಬರುತ್ತದೆ ಎಂದರು. ಅಷ್ಟರಲ್ಲಿ ತೊಂದರೆ ಸೈಟಿನದ್ದಲ್ಲ, ಅವರ ಫೋನಿನದ್ದು ಎಂದು ತೀರ್ಮಾನವಾಯಿತು. ಮೂರು ಪ್ರಶ್ನೆಯಲ್ಲಿ ಹುಡುಕುವ ಜಾಗ ಅರ್ಧ ಕಿರಿದಾಗಿತ್ತು. "ನಿಮಗೆ ಗೊತ್ತಾಗಲ್ಲ, ಇಲ್ಲಿ ಕೊಡಿ" ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ.

ಅವಳ ಎಡಗೈ ಪಕ್ಕ ಉದ್ದ ಗೆರೆಯ ರಿಜಿಸ್ಟರ್ ಇತ್ತು. ಅನುಮತಿ ಕೇಳಿ ಕಣ್ಣು ಹಾಯಿಸಿದೆ. ತಾರೀಕು, ಏನು ತೊಂದರೆ, ಏನು ಮಾಡಿದೆವು, ಮುಗಿಯಿತೋ ಇಲ್ಲವೋ ಎಂದು ನಾಲ್ಕು ಕಲಂ. "ಓಟಿಪಿ ಬರಲಿಲ್ಲ, ಹಳೇ ನಂಬರ್ ಕೊಟ್ಟಿದ್ದರು", "ಫೋಟೊ ಸೈಜ್ ಜಾಸ್ತಿ, ಕಮ್ಮಿ ಮಾಡಿ ಹಾಕಿದೆ" ಎಂಬಂಥ ಸಾಲುಗಳು. ಆಧಾರ್ ಸಂಖ್ಯೆ, ಫೋನ್ ನಂಬರ್ ಯಾವುದನ್ನೂ ಅದರಲ್ಲಿ ಬರೆದಿರಲಿಲ್ಲ. ಓಟಿಪಿ ಬಂದಾಗ ಅದನ್ನು ಗಟ್ಟಿಯಾಗಿ ಹೇಳಿಸದೆ, ಕೀಬೋರ್ಡನ್ನು ಗಿರಾಕಿಯ ಕಡೆ ತಿರುಗಿಸಿ ಅವರಿಂದಲೇ ಒತ್ತಿಸುತ್ತಿದ್ದಳು. ಇದು ಸೆಂಟರಿನ ನಿಯಮವೋ, ಅವಳೇ ರೂಢಿಸಿಕೊಂಡದ್ದೋ ಹೇಳಲಾರೆ. ಎರಡರಲ್ಲಿ ಯಾವುದಾದರೂ ಒಳ್ಳೆಯ ಅಭ್ಯಾಸವೇ.

ನಡುವಿನ ಹಜಾರ

ಕೌಂಟರಿನ ಪಕ್ಕದ ಕಿರಿದಾದ ಓಣಿಯಲ್ಲಿ ಒಳಗೆ ಹೋದರೆ ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆ ಸಿಗುತ್ತದೆ. ಅದರೊಳಗೆ ಫೈಬರಿನ ಮೋಡೆಮ್, ರೌಟರ್, ಎಂಟು ಪೋರ್ಟಿನ ಸ್ವಿಚ್. ಪ್ರತಿ ಕೇಬಲ್ಲಿಗೂ ಬಿಳಿ ಟೇಪ್ ಸುತ್ತಿ, ಅದು ಎಲ್ಲಿಗೆ ಹೋಗುತ್ತದೆಂದು ಪೆನ್ನಿನಲ್ಲಿ ಬರೆದಿದ್ದರು. ಒಂದು ಟೇಪಿನ ಬರಹ ಮಾತ್ರ ಅಳಿಸಿಹೋಗಿತ್ತು. ಆ ಕೇಬಲ್ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದಾಗ ಅಲ್ಲಿದ್ದ ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರು!

ಅಲ್ಲೇ ನೆಲದ ಮೇಲೆ ಕೂತ ಹುಡುಗನೊಬ್ಬ ಹೊಸ ಕೇಬಲ್ಲಿಗೆ ತುದಿ ಕೂರಿಸುತ್ತಿದ್ದ. ಹೊರಗಿನ ನೀಲಿ ಸಿಪ್ಪೆಯನ್ನು ಒಂದಂಗುಲ ಸುಲಿದ. ಒಳಗೆ ಜೋಡಿ ಜೋಡಿಯಾಗಿ ಹೊಸೆದುಕೊಂಡ ಎಂಟು ಎಳೆ. ಹೊಸೆತ ಬಿಚ್ಚಿ, ಹೆಬ್ಬೆರಳಿನಿಂದ ಒಂದೊಂದನ್ನೇ ನೇರ ಮಾಡಿ, ಸಾಲಾಗಿ ಹಿಡಿದ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬಣ್ಣಗಳನ್ನು ಮಗ್ಗಿಯಂತೆ ಬಾಯಲ್ಲಿ ಹೇಳಿಕೊಳ್ಳುತ್ತಲೇ ತುದಿಗಳನ್ನು ಸಮವಾಗಿ ಕತ್ತರಿಸಿ, ಪ್ಲಾಸ್ಟಿಕ್ ಕನೆಕ್ಟರಿನೊಳಗೆ ತಳ್ಳಿ, ಬೆಳಕಿಗೆ ಹಿಡಿದು ಎಂಟೂ ಎಳೆ ಕೊನೆ ಮುಟ್ಟಿವೆಯೇ ಎಂದು ನೋಡಿದ. ಆಮೇಲೆ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿದ. ಟೆಸ್ಟರಿಗೆ ಹಾಕಿದಾಗ ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಬೇಕು. ಆರನೆಯದು ಹತ್ತಲಿಲ್ಲ. ಮುಖ ಸಿಂಡರಿಸದೆ ತುದಿ ಕತ್ತರಿಸಿ ಮೊದಲಿನಿಂದ ಶುರು ಮಾಡಿದ.

ಅವನ ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ನನಗೆಂದು ಇಂಟರ್‌ನೆಟ್ ಬಾರದಿದ್ದಾಗ ನೋಡುವ ಕ್ರಮವನ್ನು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಮೊದಲು ಕೇಬಲ್ ಕೂತಿದೆಯೇ, ಪೋರ್ಟಿನ ದೀಪ ಮಿನುಗುತ್ತಿದೆಯೇ ಎಂದು ಕಣ್ಣಲ್ಲೇ ನೋಡಬೇಕು. ಆಮೇಲೆ ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಎಂದು ಕೊಟ್ಟರೆ ಕಂಪ್ಯೂಟರಿಗೆ ಸಿಕ್ಕಿರುವ ವಿಳಾಸ ಕಾಣುತ್ತದೆ. ಅದು 169.254 ಎಂದು ಶುರುವಾಗಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಅರ್ಥ. ವಿಳಾಸ ಸರಿಯಿದ್ದರೆ ರೌಟರಿಗೆ ಪಿಂಗ್ ಮಾಡಬೇಕು. ಅದು ಉತ್ತರಿಸಿದರೆ ಹೊರಗಿನ ಒಂದು ವಿಳಾಸಕ್ಕೆ, 8.8.8.8ಕ್ಕೆ. ಅಂಕಿಗೆ ಉತ್ತರ ಬಂದು, ಸೈಟಿನ ಹೆಸರು ಕೊಟ್ಟಾಗ ಬಾರದಿದ್ದರೆ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್ಎಸ್ ಕೈಕೊಟ್ಟಿದೆ. ಕಂಪ್ಯೂಟರಿನಿಂದ ರೌಟರ್, ರೌಟರಿನಿಂದ ಹೊರಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಯಾವ ಮೆಟ್ಟಿಲಲ್ಲಿ ಎಡವಿತೋ ದೋಷ ಅಲ್ಲಿದೆ. ಹೆಲ್ಪ್‌ಡೆಸ್ಕಿನ ಸಂದರ್ಶನಗಳಲ್ಲಿ ಹೊಸಬರಿಗೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ರಿಪೇರಿ ಮೇಜು

ಓಣಿಯ ಕೊನೆಗೆ ಕಿಟಕಿ ಪಕ್ಕದ ರಿಪೇರಿ ಮೇಜು. ಮುಚ್ಚಳ ಬಿಚ್ಚಿದ ಸಿಪಿಯುಗಳು, ಬ್ರಷ್ಷು, ಧೂಳು ಊದುವ ಬ್ಲೋವರ್, ಶಾಲೆ ಮಕ್ಕಳ ಬಿಳಿ ರಬ್ಬರ್. ರಬ್ಬರ್ ಯಾಕೆಂದು ಜೊತೆಗೆ ಬಂದಿದ್ದ ಮೆಕ್ಯಾನಿಕ್ಕನ್ನು ಕೇಳಿದೆ. ಸ್ವಿಚ್ ಹಾಕಿದಾಗ ಪರದೆ ಬಾರದೆ ಬೀಪ್ ಬೀಪ್ ಎನ್ನುವ ಕಂಪ್ಯೂಟರಿನಿಂದ ರ‍್ಯಾಮ್ ಪಟ್ಟಿ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ವಾಪಸ್ ಕೂರಿಸಿದರು. ಪರದೆ ಬಂತು. ಆ ಅಂಚಿಗೆ ಹಿಡಿದ ಕಿಲುಬು ಸಂಪರ್ಕ ತಪ್ಪಿಸಿತ್ತು.

ಇನ್ನೊಂದು ಕಂಪ್ಯೂಟರಿನ ತೊಂದರೆ ನನಗೆ ಹೆಚ್ಚು ಹಿಡಿಸಿತು. ತಂದವರು ಇಂಟರ್‌ನೆಟ್ ಕೆಟ್ಟಿದೆ ಎಂದಿದ್ದರು. ಯಾವ ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಮೆಕ್ಯಾನಿಕ್ ಕೇಬಲ್ ಮುಟ್ಟಲಿಲ್ಲ, ನೇರ ಪರದೆಯ ಬಲ ಮೂಲೆ ನೋಡಿದರು. ತಾರೀಕು ಹಲವು ವರ್ಷ ಹಿಂದಿನದು. ಸುರಕ್ಷಿತ ಸೈಟುಗಳಿಗೆ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಹಾಗಾಗಿ ಬ್ರೌಸರ್ ನಂಬುವುದಿಲ್ಲ. ತಾರೀಕು ಹಿಂದೆ ಹೋದದ್ದಕ್ಕೆ ಕಾರಣ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲು, ಸಿಆರ್2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಿಸುವುದು ಅದೇ. ಸೆಲ್ಲು ಬದಲಿಸಿ ತಾರೀಕು ಸರಿಪಡಿಸಿದರು, ಸೈಟುಗಳು ತೆರೆದುಕೊಂಡವು. ಗಿರಾಕಿ ಹೇಳುವುದು ತನಗೆ ಕಂಡ ಲಕ್ಷಣವನ್ನು. ಕಾರಣ ಹುಡುಕುವುದು ಡೆಸ್ಕಿನವರ ಕೆಲಸ. ಅವರ ಮಾತನ್ನು ಅಲ್ಲಗಳೆಯಬಾರದು, ಅದನ್ನೇ ಕಾರಣ ಎಂದು ಹಿಡಿಯಲೂಬಾರದು.

ಮೇಜಿನ ಕೆಳಗೆ ಇನ್ನಷ್ಟು ಹಳೆಯ ಕಂಪ್ಯೂಟರುಗಳು ಕಾಯುತ್ತಿದ್ದವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ವಿಂಡೋಸ್ 11 ಹಾಕಲು ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲ. ಏನು ಮಾಡಲಿ ಎಂದು ಕೇಳಿಕೊಂಡು ಬರುವವರಿಗೆ ಹೊಸದು ಕೊಳ್ಳಿ ಎಂದು ತಟ್ಟನೆ ಹೇಳುವುದಿಲ್ಲ, ಅವರ ಕೆಲಸ ಏನು, ಕೈಯಲ್ಲಿ ಎಷ್ಟಿದೆ ಎಂದು ಮೊದಲು ಕೇಳುತ್ತೇವೆ ಎಂದರು.

ಎರಡು ಲಿಪಿಯ ಮೂಲೆ

ರಿಪೇರಿ ಮೇಜಿನ ಎದುರಿಗೆ ಟೈಪಿಂಗ್ ಮೂಲೆ. ಇಂಥದ್ದು ಬಯಲುಸೀಮೆಯ ಸೆಂಟರುಗಳಲ್ಲಿ ಕಾಣುವುದು ಅಪರೂಪ ಎಂದು ನನ್ನ ಅನಿಸಿಕೆ. ಒಂದೇ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ನುಡಿ ತಂತ್ರಾಂಶ, ತಮಿಳಿಗೆ 1999ರಲ್ಲಿ ಗೊತ್ತಾದ ತಮಿಳ್99 ಕೀಲಿಮಣೆ. ಕೀಬೋರ್ಡಿನ ಗುಂಡಿಗಳ ಮೇಲೆ ಎರಡೂ ಲಿಪಿಯ ಸ್ಟಿಕ್ಕರ್ ಅಂಟಿಸಿದ್ದರು.

ಇಲ್ಲಿ ಬರುವ ತೊಂದರೆಯೂ ಎರಡೂ ಲಿಪಿಯದ್ದು. ಯಾರೋ ಚಾಮರಾಜನಗರದಲ್ಲಿ ಟೈಪ್ ಮಾಡಿಸಿದ ಕನ್ನಡ ಅರ್ಜಿಯನ್ನು ಪೆನ್‌ಡ್ರೈವಿನಲ್ಲಿ ತರುತ್ತಾರೆ. ಇಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಡತ ಕೆಟ್ಟಿಲ್ಲ. ಅದು ನುಡಿಯ ಹಳೆಯ ಫಾಂಟಿನಲ್ಲಿದೆ. ಆ ಫಾಂಟಿನಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಹಳೆಯ ತಮಿಳು ಫಾಂಟುಗಳದ್ದೂ ಇದೇ ಕಥೆ. ಯುನಿಕೋಡಿನಲ್ಲಿ ಕನ್ನಡಕ್ಕೂ ತಮಿಳಿಗೂ ತಮ್ಮದೇ ಜಾಗ ಇರುವುದರಿಂದ ಈ ಗೊಂದಲ ಇಲ್ಲ. ಮೂಲೆಯಲ್ಲಿದ್ದ ಹುಡುಗ ಅಂಥ ಒಂದು ಕಡತವನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದ. ಬಳಿಕ ಪರದೆಯ ಮೇಲೆ ಬೆರಳಿಟ್ಟು ಒತ್ತಕ್ಷರಗಳನ್ನು ಒಂದೊಂದಾಗಿ ಓದಿದ. ಯಂತ್ರ ಮಾಡಿದ ಪರಿವರ್ತನೆಯಲ್ಲಿ ಒತ್ತು, ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತವಂತೆ. ಅರ್ಜಿಯಲ್ಲಿ ಹೆಸರು ತಪ್ಪಾದರೆ ಮುಂದೆ ಎಷ್ಟು ಅಲೆಯಬೇಕು ಎನ್ನುವುದು ಅವನಿಗೆ ಗೊತ್ತಿತ್ತು.

ಎರಡು ಲಿಪಿ ಕಲಿಯುವುದು ಇಲ್ಲಿ ಬರೀ ಆಯ್ಕೆಯಲ್ಲ. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಲಿಕೆ ಹಂತ ಹಂತವಾಗಿ ಕಡ್ಡಾಯವಾಯಿತು. ಮನೆಮಾತು ಕನ್ನಡವಾದ ಮಕ್ಕಳಿಗೆ ಅದು ಹೊರೆಯಾದದ್ದೂ ಉಂಟು, ಆ ಅಳಲು ನ್ಯಾಯಾಲಯದವರೆಗೆ ಹೋದದ್ದೂ ಉಂಟು. ಆ ನೋವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನ್ನದಲ್ಲ. ಆದರೆ ಕನ್ನಡ, ತಮಿಳು ಎರಡನ್ನೂ ಓದಿ ಮಾತಾಡಬಲ್ಲ, ಕೆಲಸಕ್ಕೆ ಸಾಲುವಷ್ಟು ಇಂಗ್ಲಿಷ್ ಬಲ್ಲ ಹುಡುಗ ಹುಡುಗಿಯರು ಈ ಬೆಟ್ಟದ ಮೇಲಿದ್ದಾರೆ. ಬೆಂಗಳೂರು, ಮೈಸೂರು, ಕೊಯಮತ್ತೂರು ಮೂರೂ ಕಡೆಯ ಜನರ ಫೋನ್ ಎತ್ತಬಲ್ಲವರು ಇವರು. ಇದನ್ನು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಬೇಕು. ನನಗೆ ತೋರಿಸಿದ ಕೆಲವು ಅರ್ಜಿಗಳಲ್ಲಿ ಅದು ಕೊನೆಯಲ್ಲೆಲ್ಲೋ ಇತ್ತು.

ಮಹಡಿಯ ತರಗತಿ

ಕಡಿದಾದ ಮೆಟ್ಟಿಲು ಹತ್ತಿ ಮಹಡಿಗೆ ಹೋದೆ. ಉದ್ದನೆಯ ಕೋಣೆ, ಗೋಡೆ ಕಡೆ ಮುಖ ಮಾಡಿದ ಕಂಪ್ಯೂಟರುಗಳು, ಬಿಳಿ ಹಲಗೆ. ಹಲಗೆಯ ಮೇಲೆ ಹಿಂದಿನ ಪಾಠದ ಒಂದು ಚೌಕ ಉಳಿದಿತ್ತು. ಒಂದು ಕಡೆ ಎಷ್ಟು ಜನರಿಗೆ ತೊಂದರೆ, ಇನ್ನೊಂದು ಕಡೆ ಎಷ್ಟು ಬೇಗ ಬೇಕು. ಎರಡೂ ಸೇರಿ ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಗೊತ್ತುಮಾಡುತ್ತವೆ. ಒಬ್ಬರ ಮೌಸ್ ಕೆಟ್ಟದ್ದಕ್ಕಿಂತ ಇಡೀ ಬಿಲ್ಲಿಂಗ್ ವಿಭಾಗ ನಿಂತದ್ದು ಮುಂದೆ. ಈ ಬಗೆಯ ಶಿಸ್ತನ್ನು 1980ರ ದಶಕದ ಕೊನೆಯಲ್ಲಿ ಬ್ರಿಟನ್ ಸರ್ಕಾರ ತನ್ನ ಕಚೇರಿಗಳಿಗಾಗಿ ಬರೆಸಿತು. ಐಟಿಐಎಲ್ ಎಂಬ ಹೆಸರಿನಲ್ಲಿ ಅದು ಈಗ ಜಗತ್ತಿನ ಹೆಲ್ಪ್‌ಡೆಸ್ಕುಗಳ ರೂಢಿಯಾಗಿದೆ. ಕೆಟ್ಟದ್ದನ್ನು ಸರಿಮಾಡುವುದು ಒಂದು ಬಗೆ, ಹೊಸದಾಗಿ ಏನನ್ನಾದರೂ ಒದಗಿಸುವುದು ಇನ್ನೊಂದು ಬಗೆ ಎಂದು ಅದು ದೂರುಗಳನ್ನು ಬೇರೆ ಮಾಡುತ್ತದೆ.

ತರಗತಿಯಲ್ಲಿ ಅಂದು ಟಿಕೆಟ್, ಅಂದರೆ ದೂರಿನ ದಾಖಲೆ, ಬರೆಯುವ ಪಾಠ. ಪ್ರತಿ ದೂರಿಗೂ ಒಂದು ಸಂಖ್ಯೆ. ಯಾರು, ಯಾವ ಯಂತ್ರ, ಯಾವಾಗಿನಿಂದ, ಅದಕ್ಕೆ ಮೊದಲು ಏನಾದರೂ ಬದಲಾಗಿತ್ತೇ, ಪರದೆಯ ಮೇಲಿನ ಮಾತು ಏನು, ನಾವು ಏನು ಮಾಡಿದೆವು, ಫಲ ಏನು. ಕೆಳಗಿನ ಕೌಂಟರಿನ ರಿಜಿಸ್ಟರನ್ನು ನೋಡಿ ಬಂದಿದ್ದ ನನಗೆ ಅದೇ ನಾಲ್ಕು ಕಲಂ ಇಲ್ಲಿ ಬೆಳೆದು ನಿಂತಂತೆ ಕಂಡಿತು. ಕಲಿಸುವವರು ಒಬ್ಬಳು ಬರೆದ ಟಿಕೆಟನ್ನು ಗಟ್ಟಿಯಾಗಿ ಓದಿದರು. ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಸರಿಮಾಡಿದೆ ಎಂದಷ್ಟೇ ಇತ್ತು. "ನಾಳೆ ನೀನು ರಜೆ. ಇದೇ ಪ್ರಿಂಟರ್ ಮತ್ತೆ ನಿಂತಿತು. ಇದನ್ನು ಓದಿದವನಿಗೆ ಏನು ಗೊತ್ತಾಗುತ್ತದಮ್ಮ?" ಎಂದು ಕೇಳಿದರು. ಅವಳು ಮತ್ತೆ ಬರೆದಳು. ಪ್ರಿಂಟಿಗೆ ಕಳಿಸಿದ ಕಡತಗಳು ಸರದಿಯಲ್ಲೇ ಸಿಕ್ಕಿಕೊಂಡಿದ್ದವು, ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸರದಿ ಖಾಲಿ ಮಾಡಿ, ಮತ್ತೆ ಶುರು ಮಾಡಿದೆ, ಪರೀಕ್ಷೆಯ ಪುಟ ಬಂತು, ಬಳಸುವವರು ನೋಡಿ ಒಪ್ಪಿದರು. ಎರಡನೆಯದನ್ನು ಅವಳು ಸರಳ ಇಂಗ್ಲಿಷಿನಲ್ಲೇ ಬರೆದಿದ್ದಳು. ವಾಕ್ಯಗಳು ಚಿಕ್ಕವು, ವ್ಯಾಕರಣದಲ್ಲಿ ಒಂದೆರಡು ತಪ್ಪು. ಕೆಲಸಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು.

ಆಮೇಲೆ ಫೋನಿನ ಅಭ್ಯಾಸ. ಇಬ್ಬರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು. ಒಬ್ಬ ನೌಕರ, ಇನ್ನೊಬ್ಬಳು ಡೆಸ್ಕು. ಅವಳು 48 ಅಂಕಿಗಳನ್ನು ಆರಾರರ ಎಂಟು ಗುಂಪಾಗಿ ಓದಬೇಕು, ಅವನು ಪ್ರತಿ ಗುಂಪನ್ನೂ ತಿರುಗಿ ಹೇಳಬೇಕು. ಬೀಗ ಬಿದ್ದ ಹಾರ್ಡ್‌ಡಿಸ್ಕ್ ತೆರೆಯಲು ಬಿಟ್‌ಲಾಕರ್ ಕೇಳುವ ಕೀ ಅಷ್ಟು ಉದ್ದ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷವಿದ್ದ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು. ಅಂದು ಅನೇಕ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸಬೇಕಾಯಿತು, ಎಷ್ಟೋ ಕಡೆ ಡೆಸ್ಕಿನವರು ಇಂಥ ಕೀಗಳನ್ನು ಒದಗಿಸಬೇಕಾಯಿತು. ಅಭ್ಯಾಸದಲ್ಲಿ ಐದನೆಯ ಗುಂಪಿಗೆ ಅವನು ತಪ್ಪಿದ. ಅವಳು ದನಿ ಏರಿಸದೆ ಆ ಗುಂಪನ್ನಷ್ಟೇ ಮತ್ತೆ ಓದಿದಳು. ಬೇರೆ ಕರೆಯಲ್ಲಿ ಅಕ್ಷರ ಬಂದಾಗ "ಬಿ ಫಾರ್ ಬೆಂಗಳೂರು, ಡಿ ಫಾರ್ ಡೆಲ್ಲಿ, ಇ ಫಾರ್ ಈರೋಡ್" ಎಂದಳು. ಬಿ, ಡಿ, ಇ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ.

ಕೊನೆಯ ಅಭ್ಯಾಸ ಪಾಸ್‌ವರ್ಡ್ ಬದಲಿಸಿಕೊಡುವುದು. ಇಲ್ಲಿ ಕಲಿಸುವವರು ತಾವೇ ಕರೆ ಮಾಡಿ, ಮ್ಯಾನೇಜರ್ ಮಾತಾಡುತ್ತಿದ್ದೇನೆ, ಮೀಟಿಂಗ್ ಇದೆ, ಬೇಗ ಮಾಡು ಎಂದು ದಬಾಯಿಸಿದರು. ಹುಡುಗ ಹೆದರಿ ಪಾಸ್‌ವರ್ಡ್ ಕೊಟ್ಟುಬಿಟ್ಟ. ಪಾಠ ನಿಲ್ಲಿಸಿ ಎಲ್ಲರನ್ನೂ ಕರೆದರು. 2023ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ದೊಡ್ಡ ಹೋಟೆಲ್ ಸಮೂಹವೊಂದರ ಮೇಲಾದ ಸೈಬರ್ ದಾಳಿ, ನೌಕರನೆಂದು ನಟಿಸಿ ಹೆಲ್ಪ್‌ಡೆಸ್ಕಿಗೆ ಮಾಡಿದ ಫೋನಿನಿಂದ ಶುರುವಾಯಿತು ಎಂದು ವರದಿಯಾಗಿತ್ತು. ಕರೆ ಮಾಡಿದವರು ಯಾರೇ ಆಗಲಿ, ಗುರುತು ಖಚಿತವಾಗದೆ ಬೀಗ ತೆರೆಯಬಾರದು. "ಮನ್ನಿಸಿ ಸಾರ್, ಎರಡು ಪ್ರಶ್ನೆ ಕೇಳಲೇಬೇಕು" ಎಂದು ವಿನಯವಾಗಿ, ಆದರೆ ಬಗ್ಗದೆ ಅವನಿಂದ ಮತ್ತೆ ಮತ್ತೆ ಹೇಳಿಸಿದರು. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಬೆಳೆದ ಮಕ್ಕಳಿಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ ಎಂದು ನನಗೆ ತೋರಿತು.

ಕೊನೆಯ ಕೋಣೆ

ಮಹಡಿಯ ತುದಿಗೆ ಪ್ಲೈವುಡ್ ಅಡ್ಡ ಕಟ್ಟಿದ ಪುಟ್ಟ ಕೋಣೆ. ಒಳಗೆ ಹೆಡ್‌ಸೆಟ್ ಹಾಕಿಕೊಂಡ ಯುವಕನೊಬ್ಬ ಹೊರಗಿನ ಕಂಪನಿಯೊಂದರ ಹೆಲ್ಪ್‌ಡೆಸ್ಕಿನಲ್ಲಿ ಕೆಲಸದ ಮೇಲಿದ್ದ. ಇದೇ ತರಗತಿಯಲ್ಲಿ ಕಲಿತು ಹೋದವನಂತೆ. ನನ್ನನ್ನು ಕಂಡ ಕೂಡಲೇ ಎರಡು ಗುಂಡಿ ಒತ್ತಿ ಪರದೆಗೆ ಬೀಗ ಹಾಕಿ ಎದ್ದ. ಒಳಗಿನ ಕೆಲಸ ತೋರಿಸಲು ಅನುಮತಿ ಇಲ್ಲ ಎಂದ. ನಾನೂ ಒತ್ತಾಯಿಸಲಿಲ್ಲ.

ಮೇಜಿನ ಕೆಳಗೆ ಯುಪಿಎಸ್, ಪಕ್ಕದಲ್ಲಿ ಫೈಬರ್ ಹೋದಾಗ ಬಳಸುವ ಮೊಬೈಲ್ ಹಾಟ್‌ಸ್ಪಾಟ್. ಮೊದಲು ಒಂದಷ್ಟು ಕಾಲ ನಗರದ ಕಚೇರಿಯಲ್ಲೇ ಕೂತು ಕೆಲಸ ಕಲಿತ ಮೇಲೆ ಊರಿನಿಂದ ಮಾಡಲು ಒಪ್ಪಿಗೆ ಸಿಕ್ಕಿತು ಎಂದ. ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ, ಶುರುವಿಗೆ ಮನೆಯಿಂದಲೇ ಕೆಲಸ ಸಿಗುತ್ತದೆಂದು ಹೊಸಬರು ನೆಚ್ಚಿಕೊಳ್ಳಬಾರದು ಎಂದೂ ಹೇಳಿದ. ಅವನು ಇರುವುದು ಎಲ್1, ಅಂದರೆ ಮೊದಲ ಹಂತ. ಪಾಸ್‌ವರ್ಡ್, ಇಮೇಲ್, ವಿಪಿಎನ್, ಪ್ರಿಂಟರ್ ಅವನ ಪಾಲು. ಅವನಿಂದ ಆಗದ್ದು ಎಲ್2ಗೆ, ಅಲ್ಲೂ ಆಗದ್ದು ಸರ್ವರ್, ನೆಟ್‌ವರ್ಕ್ ತಜ್ಞರಿರುವ ಎಲ್3ಗೆ ಹೋಗುತ್ತದೆ. ಮೇಲೆ ಕಳಿಸಿದ ಟಿಕೆಟ್ ಮುಗಿದ ಮೇಲೆ ಅದನ್ನು ತೆರೆದು ಅವರು ಏನು ಮಾಡಿದರೆಂದು ಓದುತ್ತಾನಂತೆ. ಮುಂದಿನ ಮೆಟ್ಟಿಲಿಗೆ ತನ್ನ ಪುಸ್ತಕ ಅದೇ ಎಂದ. ಅಲ್ಲಿಂದ ನೆಟ್‌ವರ್ಕ್, ಸರ್ವರ್, ಕ್ಲೌಡ್, ಭದ್ರತೆ ಯಾವ ಕಡೆಗಾದರೂ ಹೊರಳಬಹುದು.

ಕಷ್ಟವನ್ನೂ ಮುಚ್ಚಿಡಲಿಲ್ಲ. ಆರಂಭದ ಸಂಬಳ ದೊಡ್ಡದಲ್ಲ. ಹೊರದೇಶದ ಗಿರಾಕಿಗಳಿದ್ದರೆ ರಾತ್ರಿ ಪಾಳಿ. ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹುಲಿ, ಆನೆ ಓಡಾಡುವ ಕಾಡಿನ ದಾರಿಗೆ ಅದು ಬೇಕಾದದ್ದೇ. ಆದರೆ ಕೆಳಗಿನ ಊರುಗಳಲ್ಲಿ ಪಾಳಿ ಕೆಲಸ ಹಿಡಿದವರಿಗೆ ದಿನವೂ ಮನೆಗೆ ಬಂದು ಹೋಗಲಾಗುವುದಿಲ್ಲ, ಅಲ್ಲೇ ರೂಮು ಮಾಡಬೇಕು. ಇನ್ನೊಂದು ಮಾತನ್ನೂ ಹೇಳಿದ. ಪಾಸ್‌ವರ್ಡ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಈಗ ನೌಕರರೇ ಪೋರ್ಟಲಿನಲ್ಲಿ ಮಾಡಿಕೊಳ್ಳುತ್ತಾರೆ, ಚಾಟ್‌ಬಾಟ್ ಉತ್ತರ ಕೊಡುತ್ತದೆ. ಮನುಷ್ಯರವರೆಗೆ ಬರುವುದು ಬಾಟಿಗೆ ಅರ್ಥವಾಗದ್ದು, ಅಥವಾ ಕರೆ ಮಾಡಿದವರಿಗೇ ಸರಿಯಾಗಿ ಹೇಳಲು ಬಾರದ್ದು. ಕೆಳಗಿನ ಕೌಂಟರಿನಲ್ಲಿ ಮೂರು ಪ್ರಶ್ನೆ ಕೇಳಿದ ಹುಡುಗಿ ನೆನಪಾದಳು. ಅಂಥವರ ಬೆಲೆ ಇನ್ನು ಹೆಚ್ಚಬೇಕೇ ಹೊರತು ಇಳಿಯಲಾರದು ಎಂದು ನಾನು ನಂಬುತ್ತೇನೆ.

ಹೊರಡುವ ಮುನ್ನ

ಕೆಳಗಿಳಿದು ಬಂದ ಮೇಲೆ, ಕಲಿಯಲು ಬರುವವರಿಗೆ ಏನು ಹೇಳುತ್ತೀರಿ ಎಂದು ನಡೆಸುವವರನ್ನು ಕೇಳಿದೆ. ಹತ್ತನೆಯ ತರಗತಿ ಮುಗಿಸಿದವರಿಗೆ ಐಟಿಐಯಲ್ಲಿ ಕಂಪ್ಯೂಟರ್ ಆಪರೇಟರ್ ತರಬೇತಿಯ, ಒಂದು ವರ್ಷದ ಕೋಪಾ ಕೋರ್ಸಿದೆ. ಡಿಪ್ಲೊಮಾ, ಪದವಿ ಆದವರು ಅದರ ಮೇಲೆ ಹಾರ್ಡ್‌ವೇರಿಗೆ ಎ ಪ್ಲಸ್, ನೆಟ್‌ವರ್ಕಿಗೆ ಸಿಸಿಎನ್ಎ ಥರದ ಪರೀಕ್ಷೆ ಬರೆಯಬಹುದು. ಆದರೆ ಆ ಪರೀಕ್ಷೆಗಳ ಶುಲ್ಕ ಇಲ್ಲಿನ ಮನೆಗಳಿಗೆ ಸಣ್ಣದಲ್ಲ. ಹಾಗಾಗಿ ಮೊದಲು ಪಠ್ಯಕ್ರಮವನ್ನು ಇಳಿಸಿಕೊಂಡು ಬಿಟ್ಟಿಯಾಗಿ ಓದಿ, ಕೈ ಪಳಗಿದ ಮೇಲೆ ಹಣ ಕಟ್ಟಿ ಎನ್ನುತ್ತಾರಂತೆ. ಕೆಲಸ ಗ್ಯಾರಂಟಿ ಎಂದು ಮುಂಗಡ ಕೇಳುವವರನ್ನು, ಸಂದರ್ಶನಕ್ಕೆ ಹಣ ಕೇಳುವವರನ್ನು ನಂಬಲೇಬೇಡಿ ಎಂಬ ಮಾತನ್ನು ಅವರು ಎರಡೆರಡು ಸಲ ಹೇಳಿದರು.

ಈ ಸೆಂಟರನ್ನು ಆದರ್ಶ ಎಂದು ಎತ್ತಿಹಿಡಿಯಲು ನಾನು ಹೋಗಿರಲಿಲ್ಲ. ಕಂಪ್ಯೂಟರುಗಳು ಹಳೆಯವು, ಹೆಡ್‌ಸೆಟ್ ಎಲ್ಲರಿಗೂ ಸಾಲುವುದಿಲ್ಲ, ಇಂಗ್ಲಿಷ್ ಮಾತಿನ ಅಭ್ಯಾಸ ಇನ್ನೂ ಬಹಳ ಬೇಕು. ಆದರೂ ಕೌಂಟರಿನಿಂದ ಕೊನೆಯ ಕೋಣೆಯವರೆಗೆ ನಡೆದು ನೋಡಿದ ಮೇಲೆ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಹೆಲ್ಪ್‌ಡೆಸ್ಕ್ ಕೆಲಸದ ಬುಡ ಇರುವುದು ಎದುರಿನವರ ಮಾತನ್ನು ಪೂರ್ತಿ ಕೇಳುವುದರಲ್ಲಿ, ಒಂದೊಂದನ್ನೇ ಪರೀಕ್ಷಿಸುವುದರಲ್ಲಿ, ಮಾಡಿದ್ದನ್ನು ಬರೆದಿಡುವುದರಲ್ಲಿ. ಈ ಮೂರನ್ನೂ ತಾಳವಾಡಿಯಲ್ಲೇ ಕಲಿಯಬಹುದು.

ಐಟಿ ಕಡೆ ಹೋಗಬೇಕೆಂದಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ನಿಮ್ಮೂರಿನ ಇಂಥ ಯಾವುದಾದರೂ ಕೌಂಟರಿನಲ್ಲಿ ಕೆಲವು ತಿಂಗಳು ಕೂರಿ. ಬಂದ ಪ್ರತಿ ತೊಂದರೆಯನ್ನೂ, ಬಂದವರ ಖಾಸಗಿ ವಿವರ ಬಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲು ಕನ್ನಡದಲ್ಲಿ, ಸಂಜೆ ಅದನ್ನೇ ಇಂಗ್ಲಿಷಿನಲ್ಲಿ. ಕೆಲಸದ ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆಗೆ ಆ ನೋಟ್‌ಬುಕ್ಕನ್ನೂ ಚೀಲದಲ್ಲಿ ಹಾಕಿಕೊಳ್ಳಿ.